ಡೇರೆ ಹೂವಿಗೆ ನೆರಳು ಕೊಡಿ

ಪ್ರಶ್ನೆ: ನಮಸ್ಕಾರ ಮಾಸ್ತರೇ. ನಾನು ಶಿರಸಿ ಕಡೆಯ ಹಳ್ಳಿಯವಳು. ಶಾಲೆಯಲ್ಲಿದ್ದಾಗ ಡ್ರಾಯಿಂಗ್ ಹೈಯರ್ ಪರೀಕ್ಷೆ ಪಾಸಾಗಿದ್ದೆ. ಮದುವೆ, ತೋಟ, ಮಕ್ಕಳು ಅಂತ ಇಪ್ಪತ್ತು ವರ್ಷ ಕುಂಚ ಮುಟ್ಟಲಿಲ್ಲ. ಈಗ ಮತ್ತೆ ಎಣ್ಣೆಬಣ್ಣ ತಂದಿದ್ದೇನೆ. ಹಳೆಯ ಡಚ್ ಚಿತ್ರಕಾರರ ಬರೋಕ್ ಶೈಲಿಯ ಹೂವಿನ ಚಿತ್ರಗಳೆಂದರೆ ನನಗೆ ಹುಚ್ಚು. ಕತ್ತಲೆಯೊಳಗಿಂದ ಹೂವು ದೀಪ ಹಚ್ಚಿದ ಹಾಗೆ ಎದ್ದು ಬರುತ್ತದಲ್ಲ, ಅದು. ಹೋದ ವರ್ಷ ಚೌತಿ ಹೊತ್ತಿಗೆ ಅಂಗಳದ ಡೇರೆ ಹೂವು ಕೊಯ್ದು, ಹಿತ್ತಾಳೆ ಚೊಂಬಿನಲ್ಲಿಟ್ಟು, ಎರಡೂವರೆ ಅಡಿಯ ಕ್ಯಾನ್ವಾಸಿನ ಮೇಲೆ ಬರೆದೆ. ಮೂರನೇ ದಿನಕ್ಕೆ ಹೂವು ಬಾಡಿತು, ಉಳಿದದ್ದನ್ನು ನೆನಪಿನಿಂದ ಮುಗಿಸಿದೆ. ಫೋಟೊ ಕಳಿಸಿದ್ದೇನೆ. ಹೂವು ಪ್ಲಾಸ್ಟಿಕ್ಕಿನದರ ಹಾಗೆ, ಕತ್ತರಿಸಿ ಅಂಟಿಸಿದ ಹಾಗೆ ಕಾಣುತ್ತದೆ. ಕಪ್ಪು ಹಿನ್ನೆಲೆ ಒಂದು ಕಡೆ ಮಿರಮಿರ, ಇನ್ನೊಂದು ಕಡೆ ಬೂದಿ ಬಳಿದ ಹಾಗೆ. ಹದಿನೈದು ದಿನವಾದರೂ ಬಣ್ಣ ಕೈಗೆ ಅಂಟುತ್ತಿತ್ತು. ದೀಪಾವಳಿಗೆ ತೆಗೆದು ನೋಡಿದರೆ ಹಿಂಬದಿಗೆ ಬೂಸ್ಟು. ಇನ್ನೊಂದು ಸಂಶಯ: ಆ ಹಳೆಯ ಚಿತ್ರಗಳಲ್ಲಿ ಕೆಲವು ಎಲೆ ನೀಲಿಯಾಗಿ ಕಾಣುತ್ತವೆ. ನಾನೂ ನೀಲಿ ಹಾಕಬೇಕೆ?

ಉತ್ತರ: ನಿಮ್ಮ ಫೋಟೊವನ್ನು ಮೊದಲು ಮೊಬೈಲಿನಲ್ಲೇ ಕಪ್ಪು-ಬಿಳುಪು ಮಾಡಿ ನೋಡಿದೆ. ನೀವೂ ಹಾಗೆ ಮಾಡಿ ನೋಡಿ, ಮುಂದಿನದನ್ನು ಆಮೇಲೆ ಓದಿ. ಹನ್ನೊಂದು ಡೇರೆ ಹೂವುಗಳಿವೆ. ಕೆಂಪು, ಹಳದಿ, ನೇರಳೆ, ಗುಲಾಬಿ. ಬಣ್ಣ ತೆಗೆದರೆ ಹತ್ತು ಹೂವು ಹೆಚ್ಚುಕಡಿಮೆ ಒಂದೇ ಬೂದು. ಹತ್ತೂ ನಮ್ಮ ಕಡೆ ಮುಖ ಮಾಡಿಕೊಂಡು, ಗ್ರೂಪ್ ಫೋಟೊಕ್ಕೆ ನಿಂತ ಏಳನೇ ಇಯತ್ತೆಯ ಮಕ್ಕಳ ಹಾಗೆ ನೆಟ್ಟಗೆ ನೋಡುತ್ತಿವೆ. (ಹನ್ನೊಂದನೆಯದರ ಮಾತು ಕೊನೆಗೆ.) ಎಸಳಿನ ಕೈಕೆಲಸ ಚೆನ್ನಾಗಿದೆ, ಅದರ ಬಗ್ಗೆ ನನ್ನದೇನೂ ತಕರಾರಿಲ್ಲ. ಹಿನ್ನೆಲೆಯನ್ನು ಕಪ್ಪು ಮಾಡಿದ್ದೀರಿ, ಆದರೆ ಆ ಕತ್ತಲೆ ಹೂವಿಗೆ ತಾಗಿಯೇ ಇಲ್ಲ. ಕತ್ತಲೆ ಕೋಣೆಯಲ್ಲಿದ್ದೂ ಎಲ್ಲ ಹೂವು ಅಂಗಳದ ಬಿಸಿಲಿನಲ್ಲಿದ್ದ ಹಾಗಿವೆ. ಅಂಟಿಸಿದ ಹಾಗೆ ಕಾಣುವುದು ಅದಕ್ಕೇ.

ಹೀಗೆ ಬರೆದ ದೊಡ್ಡವರೂ ಇದ್ದಾರೆ. ಆಂಬ್ರೋಸಿಯಸ್ ಬೋಸ್‌ಖಾರ್ಟ್ (1573–1621) ಎಂಬಾತನ ಹೂಗುಚ್ಛಗಳನ್ನು ಹುಡುಕಿ ನೋಡಿ. ಒಂದೊಂದು ಹೂವೂ ಬಿಡಿಬಿಡಿ, ಒಂದರ ಮೇಲೊಂದು ಬೀಳುವುದು ಕಡಿಮೆ, ಬೆಳಕು ಎಲ್ಲದಕ್ಕೂ ಸಮಪಾಲು. ಆಗ ಟ್ಯೂಲಿಪ್ ಎಂದರೆ ಚಿನ್ನದ ಬೆಲೆಯ ಪದಾರ್ಥ. ಚಿತ್ರಕ್ಕೆ ದುಡ್ಡು ಕೊಟ್ಟವನಿಗೆ ಹೂವು ಪೂರ್ತಿ ಕಾಣಬೇಕಿತ್ತು. ನೀವು ಮೆಚ್ಚಿಕೊಂಡಿರುವುದು ಅದರ ನಂತರದ ತಲೆಮಾರುಗಳನ್ನು. ವಿಲೆಮ್ ಫಾನ್ ಆಲ್ಸ್ಟ್ (1627–1683) ಗುಚ್ಛವನ್ನು ಒಂದು ಬದಿಗೆ ವಾಲಿಸಿ, ಅರ್ಧಕ್ಕರ್ಧ ಹೂವನ್ನು ನೆರಳಿಗೆ ತಳ್ಳಿದ. ಅವನ ಹತ್ತಿರ ಹದಿನೈದನೇ ವಯಸ್ಸಿಗೆ ಕಲಿಯಲು ಸೇರಿದ ಹುಡುಗಿ ರಾಖೆಲ್ ರಾಯ್ಸ್ (1664–1750) ಗುರುವನ್ನೂ ಮೀರಿಸಿದಳು. ಹತ್ತು ಮಕ್ಕಳ ತಾಯಿ. ಎಂಬತ್ತು ದಾಟಿದ ಮೇಲೂ ಬರೆಯುತ್ತಿದ್ದಳು, ಆ ವಯಸ್ಸಿನ ಚಿತ್ರಗಳಿಗೆ ಸಹಿಯ ಜೊತೆ ತನ್ನ ವಯಸ್ಸನ್ನೂ ಹಾಕುತ್ತಿದ್ದಳು. ಹಾಗಾಗಿ ಇಪ್ಪತ್ತು ವರ್ಷ ಬಿಟ್ಟುಹೋಯಿತೆಂಬ ನಿಮ್ಮ ಮಾತನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ನಿಮ್ಮ ಚಿತ್ರದ ತೊಂದರೆಯನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ, ಹಿನ್ನೆಲೆ 1680ರದ್ದು, ಹೂವು 1610ರವು.

ಈ ನೆರಳಿನ ಪಾಠಕ್ಕೆ ಆಮ್‌ಸ್ಟರ್‌ಡ್ಯಾಮಿಗೆ ಹೋಗಬೇಕಾಗಿಲ್ಲ. ಚೌತಿಯ ರಾತ್ರಿ ಕರೆಂಟು ಹೋದಾಗ (ಹೋಗುತ್ತದೆ, ಹೇಗೂ) ನಿಮ್ಮ ಮನೆಯ ಫಲಾವಳಿಯ (ಗಣಪತಿಯ ಮೇಲೆ ಹಣ್ಣು-ಕಾಯಿ ತೂಗುಬಿಟ್ಟ ಮಂಟಪದ) ಕೆಳಗೆ ನಿಂತು ನೋಡಿ. ಗಣಪತಿಯ ಎದುರಿನ ದೀಪದ ಬೆಳಕು ಒಂದು ಮೊಗೆಕಾಯಿಯ ಹೊಟ್ಟೆಗೆ, ಮಾದಳಹಣ್ಣಿನ ಒಂದು ಪಕ್ಕಕ್ಕೆ, ಅಡಕೆ ಸಿಂಗಾರದ ನಾಲ್ಕು ಎಳೆಗೆ ತಾಗಿರುತ್ತದೆ. ಉಳಿದದ್ದು ಇದೆಯೆಂದು ಗೊತ್ತಾಗುತ್ತದೆ, ಏನೆಂದು ಹೇಳಲಿಕ್ಕಾಗುವುದಿಲ್ಲ. ನೋಡುವವನ ಕಣ್ಣು ಆ ಕತ್ತಲೆಯೊಳಗೆ ಹುಡುಕುತ್ತ ಹೋಗುತ್ತದೆ. ಗೋವೆಯವರು ಮಾಟೋಳಿ ಎನ್ನುವುದೂ ಇದನ್ನೇ. ಯಾನ್ ಡೇವಿಡ್ಸ್ ಡೆ ಹೇಮ್ ಎಂಬ ಚಿತ್ರಕಾರ ಹದಿನೇಳನೇ ಶತಮಾನದಲ್ಲಿ ರಿಬ್ಬನ್ನಿನಿಂದ ತೂಗುಬಿಟ್ಟ ಹಣ್ಣು-ಹೂವಿನ ತೋರಣಗಳನ್ನು ಬರೆದಿದ್ದಾನೆ. ಮೊದಲ ಸಲ ನೋಡಿದಾಗ ನನಗೆ, ಗಣಪತಿಯೊಬ್ಬನನ್ನು ಬಿಟ್ಟು ಉಳಿದದ್ದೆಲ್ಲ ಬರೆದಿದ್ದಾನಲ್ಲ ಅನ್ನಿಸಿತ್ತು.

ಡೇರೆ ಹೂವನ್ನು ಬರೋಕ್ ಚಿತ್ರಕ್ಕೆ ತರಬಹುದೆ ಎಂದು ನೀವು ಕೇಳಲಿಲ್ಲ, ಆದರೆ ಯಾರಾದರೂ ಕೇಳುತ್ತಾರೆ. ಹಳೆಯ ಡಚ್ಚರ ಯಾವ ಚಿತ್ರದಲ್ಲೂ ಡೇರೆ ಸಿಗುವುದಿಲ್ಲ, ಯಾಕೆಂದರೆ ಅದು ಮೆಕ್ಸಿಕೊದಿಂದ ಸ್ಪೇನಿನ ಮ್ಯಾಡ್ರಿಡ್ಡಿಗೆ ಬಂದದ್ದೇ 1789ರಲ್ಲಿ. ಅಷ್ಟರಲ್ಲಿ ರಾಯ್ಸ್ ತೀರಿಕೊಂಡು ಸುಮಾರು ನಲವತ್ತು ವರ್ಷವಾಗಿತ್ತು. ಆದರೆ ದೂರದೇಶದಿಂದ ಬಂದ ಗಿಡ ಕಂಡರೆ ಬಿಡುವವಳಲ್ಲ ಅವಳು. ಸಿಕ್ಕಿದ್ದರೆ ಖಂಡಿತ ಬರೆಯುತ್ತಿದ್ದಳು. ಮಳೆಗಾಲದಲ್ಲಿ ಡೇರೆ ಗೆಡ್ಡೆ ಹಂಚಿಕೊಳ್ಳುವ ನಮ್ಮ ಘಟ್ಟದ ಮೇಲಿನ ಹೆಂಗಸರನ್ನು ಕಂಡರೆ ಅವಳಿಗೆ ಸಂತೋಷವೇ ಆಗುತ್ತಿತ್ತೇನೊ.

ಈಗ ನಿಮ್ಮ ಎರಡನೇ ಕಷ್ಟ, ಹೂವು ಬಾಡಿದ್ದು. ಹನ್ನೊಂದು ಹೂವನ್ನು ಒಂದೇ ದಿನ ಕೊಯ್ದು ಚೊಂಬಿಗಿಟ್ಟದ್ದೇ ತಪ್ಪು. ಆ ಚಿತ್ರಗಳಲ್ಲಿರುವ ಗುಚ್ಛ ಯಾವ ಮನೆಯ ಮೇಜಿನ ಮೇಲೂ ಇದ್ದದ್ದಲ್ಲ. ಚಳಿಗಾಲ ಮುಗಿಯುವಾಗ ಬಿಡುವ ಟ್ಯೂಲಿಪ್, ಬೇಸಿಗೆಯ ಗುಲಾಬಿ, ಅದಕ್ಕೂ ತಡವಾಗಿ ಬಿಡುವ ಹೂವು, ಎಲ್ಲ ಒಂದೇ ಪಾತ್ರೆಯಲ್ಲಿ ಅರಳಿರುತ್ತವೆ. ಒಂದೊಂದನ್ನೂ ಅದರ ಕಾಲದಲ್ಲಿ ಕಂಡು, ಬಿಡಿಯಾಗಿ ಬರೆದಿಟ್ಟುಕೊಂಡು, ಆಮೇಲೆ ಜೋಡಿಸಿದ್ದು. ಯಾನ್ ಬ್ರೂಗೆಲ್ 1606ರಲ್ಲಿ ತನಗೆ ಚಿತ್ರ ಹೇಳಿದ್ದ ಕಾರ್ಡಿನಲ್‌ಗೆ, ಆಂಟ್‌ವರ್ಪಿನಲ್ಲಿ ಸಿಗದ ಕೆಲವು ಹೂವನ್ನು ಕಂಡು ಬರೆಯಲಿಕ್ಕೆಂದೇ ಬ್ರಸೆಲ್ಸ್‌ಗೆ ಹೋಗಿಬಂದೆ ಎಂದು ಪತ್ರ ಬರೆದಿದ್ದ. ಯಾನ್ ಫಾನ್ ಹಾಯ್ಸುಮ್ 1742ರಲ್ಲಿ, ಹಿಂದಿನ ವರ್ಷ ಹಳದಿ ಗುಲಾಬಿ ಸಿಗಲಿಲ್ಲ, ಸಿಕ್ಕಿದ್ದರೆ ಚಿತ್ರ ಮುಗಿದಿರುತ್ತಿತ್ತು ಎಂದು ಗಿರಾಕಿಗೆ ತಿಳಿಸಿದ. ಒಂದು ಹೂವಿಗಾಗಿ ಒಂದು ವರ್ಷ. ನಾವು ಮೂರು ದಿನಕ್ಕೆ ಮುಗಿಸಲು ಹೊರಡುತ್ತೇವೆ.

ನೀವು ಇರುವ ಜಾಗಕ್ಕೆ ಈ ಪದ್ಧತಿ ಹೇಳಿ ಮಾಡಿಸಿದ ಹಾಗಿದೆ. ಮಳೆ ಹಿಡಿಯುವ ಹೊತ್ತಿಗೆ ಮರದ ಮೇಲೆ ಸೀತಾಳೆ ದಂಡೆ, ಶ್ರಾವಣದಿಂದ ಡೇರೆ, ಭಾದ್ರಪದಕ್ಕೆ ಬೇಲಿಯ ಗೌರಿ ಹೂವು, ಚಳಿಗೆ ಸೇವಂತಿಗೆ, ಶಿವರಾತ್ರಿ ಆಸುಪಾಸಿಗೆ ಘಟ್ಟದ ಕೆಳಗಿನ ಸುರಗಿ. ದಾಸವಾಳ ಯಾವಾಗಲೂ. ಡ್ರಾಯಿಂಗ್ ಹಾಳೆಯ ದಪ್ಪ ಕಾಗದಕ್ಕೆ ಎರಡು ಕೈ ಜೆಸ್ಸೊ (ಬಣ್ಣ ಹಿಡಿಯಲೆಂದು ಮೊದಲು ಬಳಿಯುವ ಬಿಳಿ ಲೇಪ) ಬಳಿದು ಆರು ಇಂಚು ಎಂಟು ಇಂಚಿನ ತುಂಡು ಮಾಡಿಟ್ಟುಕೊಳ್ಳಿ. ಒಂದು ತುಂಡಿಗೆ ಒಂದು ಹೂವು, ಒಂದು ಬೆಳಗ್ಗೆ. ದಾಸವಾಳಕ್ಕೆ ಕೂತರೆ ಅಡುಗೆ ಒಲೆ ನಂದಿಸಿಯೇ ಕೂರಿ, ಸಂಜೆಗೆ ಅದು ಮುದುಡಿರುತ್ತದೆ. ಡೇರೆ ಎರಡು ದಿನ ತಾಳುತ್ತದೆ. ಒಂದೇ ಹೂವನ್ನು ಮೂರು ದಿಕ್ಕಿನಿಂದ ಬರೆಯಿರಿ: ಮುಖ, ಪಕ್ಕ, ಬೆನ್ನು. ಬೆನ್ನನ್ನು ಯಾರೂ ಬರೆಯುವುದಿಲ್ಲ. ಆದರೆ ಗುಚ್ಛಕ್ಕೆ ಜೀವ ಬರುವುದು ಬೆನ್ನು ತೋರಿಸಿ ನಿಂತ ಒಂದು ಹೂವಿನಿಂದ. ಅದರ ಹಸಿರು ತೊಟ್ಟಿನ ಬಟ್ಟಲು, ಕೆಳಗೆ ಬಾಗಿದ ಹಳೆಯ ಎಸಳು, ಸ್ವಲ್ಪ ಸೋತ ಕತ್ತು.

ಒಂದು ನಿಯಮವನ್ನು ಮಾತ್ರ ಮುರಿಯಬೇಡಿ. ಎಲ್ಲ ಬಿಡಿಚಿತ್ರಕ್ಕೂ ಬೆಳಕು ಒಂದೇ ಕಡೆಯಿಂದ, ಎಡ ಮೇಲಿನಿಂದ, ಬರಬೇಕು. ಜೂನಿನ ಸೀತಾಳೆಗೆ ಬಲದಿಂದ, ಸೆಪ್ಟೆಂಬರಿನ ಡೇರೆಗೆ ಎಡದಿಂದ ಬೆಳಕು ಬಿದ್ದಿದ್ದರೆ ಮುಂದೆ ಎಷ್ಟು ಚೆಂದ ಜೋಡಿಸಿದರೂ ಅಂಟಿಸಿದ ಹಾಗೇ ಕಾಣುತ್ತದೆ.

ಬೆಳಕಿನ ವಿಷಯದಲ್ಲಿ ನಿಮ್ಮ ಮೇಲೆ ನನಗೆ ಹೊಟ್ಟೆಕಿಚ್ಚು. ಕಾರವಾರದಲ್ಲಿ ನನ್ನ ಕಿಟಕಿ ಕಡಲಿನ ಕಡೆಗಿದೆ. ಮಧ್ಯಾಹ್ನದ ಮೇಲೆ ನೀರಿನ ಹೊಳಪು ಸೂರಿಗೆ ಹೊಡೆದು ಕೆಳಗಿಳಿಯುತ್ತದೆ, ನೆರಳೆಂಬುದೇ ಉಳಿಯುವುದಿಲ್ಲ. ಕಿಟಕಿಗೆ ಕಂಬಳಿ ಕಟ್ಟಿ ಕೆಲಸ ಮಾಡುತ್ತೇನೆ. ನಿಮ್ಮ ಹಳೆಯ ಹಂಚಿನ ಮನೆಯ ನಡುಮನೆಯಲ್ಲಿ ಸಣ್ಣ ಕಿಟಕಿ, ದಪ್ಪ ಗೋಡೆ, ಮೇಲೊಂದು ಗಾಜಿನ ಹಂಚು ಇರಬಹುದು. ಇಡೀ ಡಚ್ ಚಿತ್ರಶಾಲೆಯೇ ಅಲ್ಲಿದೆ. ಉತ್ತರದ ಕಿಟಕಿ ಇದ್ದರೆ ಅದನ್ನೇ ಆರಿಸಿ, ಅಲ್ಲಿ ನೇರ ಬಿಸಿಲು ಕಡಿಮೆ. ಕಿಟಕಿಯ ಕೆಳಗಿನ ಅರ್ಧಕ್ಕೆ ರಟ್ಟು ಮುಚ್ಚಿ, ಬೆಳಕು ಮೇಲಿಂದ ಮಾತ್ರ ಇಳಿಯಲಿ. ಚೊಂಬಿನ ಹಿಂದೆ, ಬಲಕ್ಕೆ, ತಲೆಯ ಮೇಲೆ ರಟ್ಟಿನ ಪೆಟ್ಟಿಗೆ ನಿಲ್ಲಿಸಿ, ಒಳಗೆ ಕಪ್ಪು ಕಂಬಳಿ ಹೊದಿಸಿ. ಜಡಿಮಳೆಯ ದಿನ ಮೋಡದ ಬೆಳಕು ಬೆಳಗಿನಿಂದ ಸಂಜೆವರೆಗೆ ಒಂದೇ ಹದದಲ್ಲಿರುತ್ತದೆ. ಟ್ಯೂಬ್‌ಲೈಟ್ ಮಾತ್ರ ಹಚ್ಚಬೇಡಿ. ಅದು ನಾಲ್ಕೂ ಕಡೆಯಿಂದ ನೆರಳನ್ನು ನೆಕ್ಕಿಬಿಡುತ್ತದೆ.

ಇನ್ನು ಬರೆಯುವ ಹಲಗೆ. ಬೂಸ್ಟು ಬಂತೆಂದು ಬೇಸರ ಮಾಡಿಕೊಂಡಿದ್ದೀರಿ. ಮೂರು ನಾಲ್ಕು ತಿಂಗಳು ಹಪ್ಪಳ ಡಬ್ಬಿಯೊಳಗೇ ಮೆತ್ತಗಾಗುವ ಊರಿನಲ್ಲಿ ಬಟ್ಟೆಯ ಕ್ಯಾನ್ವಾಸಿಗೆ ಬೂಸ್ಟು ಬರದಿದ್ದರೆ ಆಶ್ಚರ್ಯ. ಹತ್ತಿಬಟ್ಟೆ ತೇವ ಕುಡಿದು ಒಮ್ಮೆ ಬಿಗಿಯುತ್ತದೆ, ಒಮ್ಮೆ ಸಡಿಲವಾಗುತ್ತದೆ, ಮೇಲಿನ ಬಣ್ಣ ಅದರ ಜೊತೆ ಕುಣಿಯಲಾರದೆ ಬಿರುಕು ಬಿಡುತ್ತದೆ. ಕರಾವಳಿಯಲ್ಲೂ ಘಟ್ಟದಲ್ಲೂ ನಾನು ಎಲ್ಲರಿಗೂ ಹೇಳುವುದು ಹಲಗೆಯನ್ನೇ. ಬಡಗಿಯ ಹತ್ತಿರ ಆರರಿಂದ ಒಂಬತ್ತು ಮಿಲಿಮೀಟರಿನ ಒಳ್ಳೆಯ ವಾಟರ್‌ಪ್ರೂಫ್ ಪ್ಲೈವುಡ್ಡನ್ನು ಹದಿನಾರು ಇಂಚು ಇಪ್ಪತ್ತು ಇಂಚಿಗೆ ಕೊಯ್ಯಿಸಿ. ಎರಡೂವರೆ ಅಡಿ ಈಗ ಬೇಡ. ಮುಂದೆ, ಹಿಂದೆ, ನಾಲ್ಕು ಅಂಚಿಗೂ ಆಕ್ರಿಲಿಕ್ ಜೆಸ್ಸೊ ಬಳಿಯಬೇಕು. ಹಿಂಬದಿ ಬಿಟ್ಟರೆ ಹಲಗೆ ಆ ಕಡೆಯಿಂದ ತೇವ ಕುಡಿದು ಸೊಟ್ಟಗಾಗುತ್ತದೆ. ಮುಂಭಾಗಕ್ಕೆ ಮೂರು ನಾಲ್ಕು ಕೈ, ನಡುನಡುವೆ ಪಾಲಿಶ್ ಪೇಪರಿನಲ್ಲಿ ತಿಕ್ಕಿ. ಹೂವಿನ ಸೂಕ್ಷ್ಮ ಕೆಲಸಕ್ಕೆ ಬಟ್ಟೆಯ ಹೆಣಿಗೆಗಿಂತ ನುಣುಪು ಹಲಗೆ ವಾಸಿ.

ಬಿಳಿಯ ಮೇಲೆ ನೇರ ಶುರು ಮಾಡಬೇಡಿ. ನಿಮ್ಮ ಊರಿನ ಮಾರಿಕಾಂಬಾ ದೇವಸ್ಥಾನದ ಗೋಡೆಯ ಕಾವಿ ಚಿತ್ರಗಳ ಕೆಂಪನ್ನು ನೆನಪು ಮಾಡಿಕೊಳ್ಳಿ. ಆ ಕೆಮ್ಮಣ್ಣಿನ ಬಣ್ಣವೂ ಟ್ಯೂಬಿನಲ್ಲಿ ಬರುವ ಸಿಯೆನ್ನಾ, ಅಂಬರ್, ಓಕರ್‌ಗಳೂ ಒಂದೇ ಸಂಸಾರ, ಎಲ್ಲ ಕಬ್ಬಿಣದ ಆಕ್ಸೈಡಿನ ಮಣ್ಣು. ಬರ್ಂಟ್ ಸಿಯೆನ್ನಾಕ್ಕೆ ರಾ ಅಂಬರ್ ಸೇರಿಸಿ, ಟರ್ಪೆಂಟೈನಿನಲ್ಲಿ ತೆಳು ಮಾಡಿ, ಒಣಗಿದ ಚಿರೆಕಲ್ಲಿನಂಥ ಬಣ್ಣವನ್ನು ಹಲಗೆಗೆಲ್ಲ ಒರೆಸಿ ಬಿಡಿ. ಹದಿನೇಳನೇ ಶತಮಾನದ ಬಹಳಷ್ಟು ಚಿತ್ರಗಳ ಅಡಿಯಲ್ಲಿ ಇಂಥದೇ ಮಣ್ಣಿನ ಬಣ್ಣವಿದೆ. ಇದರ ಮೇಲೆ ಬೆಳಕನ್ನೂ ಕತ್ತಲೆಯನ್ನೂ ಎರಡೂ ಕಡೆಗೆ ಎಳೆಯಬಹುದು. ಬಿಳಿಯ ಮೇಲೆ ಬರೆದರೆ ಯಾವ ಬಣ್ಣ ಹಾಕಿದರೂ ಕಪ್ಪಾಯಿತೇನೊ ಎಂಬ ಭಯ, ಆ ಭಯಕ್ಕೇ ಎಲ್ಲ ಹೂವೂ ತೆಳ್ಳಗಾಗುತ್ತದೆ.

ಮೊದಲ ಪದರ ಬರೀ ರಾ ಅಂಬರ್. ಬಿಡಿಚಿತ್ರಗಳನ್ನು ನೆಲದ ಮೇಲೆ ಹರಡಿ, ಕಾರ್ಡು ಆಡಿದ ಹಾಗೆ ಸರಿಸಿ ನೋಡಿ, ಗುಚ್ಛದ ಜಾಗ ಗೊತ್ತು ಮಾಡಿ. ಹನ್ನೊಂದು ಡೇರೆ ಬೇಡ, ಐದು ಸಾಕು. ಒಂದು ರಾಜ, ಪೂರ್ತಿ ಬೆಳಕಿಗೆ. ಅದರ ಪಕ್ಕದ್ದು ಮುಕ್ಕಾಲು ತಿರುಗಿ, ಅರ್ಧ ಬೆಳಕಿಗೆ. ಒಂದು ಬೆನ್ನು ಹಾಕಿದ್ದು. ಉಳಿದೆರಡು ಕತ್ತಲೆಯಲ್ಲಿ, ಹಿನ್ನೆಲೆಗಿಂತ ಒಂದು ಕೂದಲಷ್ಟು ಮಾತ್ರ ತಿಳಿ. ಸೀತಾಳೆ ದಂಡೆ ಮೇಜಿನ ಅಂಚಿನಿಂದ ಕೆಳಗೆ ಇಳಿಬಿದ್ದಿರಲಿ, ಗೌರಿ ಹೂವಿನ ಬಳ್ಳಿ ಮೇಲೆ ಬಲಕ್ಕೆ ಚಾಚಲಿ. ಅಂಬರನ್ನು ತೆಳುವಾಗಿ ಬಳಿದು, ಬೆಳಕಿನ ಜಾಗವನ್ನು ಹಳೆ ಪಂಚೆಯ ತುಂಡಿನಿಂದ ಒರೆಸಿ ತೆಗೆಯಿರಿ. ಕಪ್ಪು-ಬಿಳುಪಿನ ಪರೀಕ್ಷೆ ಇಲ್ಲೇ ಮಾಡಿ. ಇಲ್ಲಿ ಚಿತ್ರ ನಿಲ್ಲದಿದ್ದರೆ ಮುಂದೆ ಯಾವ ಬಣ್ಣವೂ ನಿಲ್ಲಿಸುವುದಿಲ್ಲ. ಅಂಬರಿನಲ್ಲಿ ಮ್ಯಾಂಗನೀಸ್ ಇರುವುದರಿಂದ ಬೇಗ ಒಣಗುತ್ತದೆ, ಒಂದೆರಡು ದಿನ.

ಎರಡನೇ ಪದರಕ್ಕೆ ಡಚ್ಚರು ‘ಸತ್ತ ಬಣ್ಣ’ ಎಂದೇ ಹೆಸರಿಟ್ಟಿದ್ದರು. ಎಸಳಿಲ್ಲ, ನರವಿಲ್ಲ, ಹೊಳಪಿಲ್ಲ. ಒಂದೊಂದು ಹೂವಿಗೂ ಒಂದು ಬೆಳಕಿನ ಬಣ್ಣ, ಒಂದು ನೆರಳಿನ ಬಣ್ಣ, ಅಷ್ಟೇ. ಡೇರೆಯ ವಿಷಯದಲ್ಲಿ ಇದು ಕಷ್ಟ, ಅದರ ಎಸಳು ಕಣ್ಣನ್ನು ಸೆಳೆದುಬಿಡುತ್ತದೆ. ಅದನ್ನು ಹೂವೆಂದು ನೋಡಬೇಡಿ, ಕವುಚಿಟ್ಟ ತೆಂಗಿನ ಕಾಯಿಕಡಿ ಎಂದುಕೊಳ್ಳಿ. ಬೆಳಕು ಎಡ ಮೇಲಿನಿಂದ ಬಂದರೆ ಕಾಯಿಕಡಿಯ ಬಲ ಕೆಳಭಾಗ ಪೂರ್ತಿ ನೆರಳು. ಆ ನೆರಳಿನಲ್ಲಿರುವ ಎಸಳಿನ ತುದಿ ಎಷ್ಟೇ ತಿಳಿಯಾಗಿದ್ದರೂ, ಬೆಳಕಿನ ಕಡೆಯ ಅತಿ ಕಪ್ಪು ಎಸಳಿಗಿಂತ ಕಪ್ಪಾಗೇ ಇರಬೇಕು. ಈ ಒಂದು ವಾಕ್ಯವನ್ನು ಈಸೆಲ್ಲಿಗೆ ಚೀಟಿ ಬರೆದು ಅಂಟಿಸಿಕೊಳ್ಳಿ. ಎಸಳುಗಳು ಸಾಲು ಸಾಲಾಗಿ ಕಂಡರೂ ನಿಜವಾಗಿ ಸುರುಳಿಯಲ್ಲಿ ಕೂತಿರುತ್ತವೆ, ಅನಾನಸಿನ ಕಣ್ಣಿನ ಹಾಗೆ. ಆ ಸುರುಳಿ ಹಿಡಿದು ಮೂರನೇ ಪದರದಲ್ಲಿ ಎಸಳು ಬಿಡಿಸಿ, ಹಿಂದಿನ ಹೂವು ಮೊದಲು, ಮುಂದಿನ ರಾಜ ಕೊನೆಗೆ. ನೆರಳಿನ ಕಡೆ ಎಸಳು ಎಣಿಸಲು ಸಿಗಬಾರದು.

ಕೆಂಪು ಡೇರೆಗೆ ನೀವು ಬಿಳಿ ಬೆರೆಸಿ ಬೆಳಕು ಮಾಡಿದ್ದೀರಿ, ಅದು ಗುಲಾಬಿಯಾಗಿ ಸುಣ್ಣ ಬಳಿದ ಹಾಗಾಗಿದೆ. ಕಪ್ಪು ಬೆರೆಸಿ ನೆರಳು ಮಾಡಿದ್ದೀರಿ, ಅದು ಇಟ್ಟಿಗೆಯಾಗಿದೆ. ಹಳಬರ ದಾರಿ ಬೇರೆ. ಬೆಳಕಿನ ಜಾಗವನ್ನು ಮೊದಲು ಬೇಕಾದ್ದಕ್ಕಿಂತ ತಿಳಿಯಾಗಿ, ಕ್ಯಾಡ್ಮಿಯಂ ಕೆಂಪಿಗೆ ಸ್ವಲ್ಪ ಬಿಳಿ, ಚೂರು ಹಳದಿ ಸೇರಿಸಿ ಗಟ್ಟಿಯಾಗಿ ಕಟ್ಟಿ. ಪೂರ್ತಿ ಒಣಗಲಿ. ಅದರ ಮೇಲೆ ಪಾರದರ್ಶಕ ಕೆಂಪನ್ನು ಅಗಸೆ ಎಣ್ಣೆಯಲ್ಲಿ ತೆಳು ಮಾಡಿ, ಕೋಕಮ್ ಪಾನಕವನ್ನು ಗಾಜಿನ ಲೋಟಕ್ಕೆ ಹೊಯ್ದ ಹಾಗೆ, ಒಂದು ಪದರ ಹರಡಿ. ಗ್ಲೇಜ್ ಎಂದರೆ ಇದೇ. ಬೆಳಕು ಮೇಲಿನ ಕೆಂಪನ್ನು ದಾಟಿ, ಅಡಿಯ ತಿಳಿಗೆ ಹೊಡೆದು, ತಿರುಗಿ ಕೆಂಪಿನ ಮೂಲಕವೇ ಕಣ್ಣಿಗೆ ಬರುತ್ತದೆ. ನೀವು ಹೇಳಿದ ಆ ‘ದೀಪ ಹಚ್ಚಿದ ಹಾಗೆ’ ಎಂಬುದರ ಗುಟ್ಟು ಇಷ್ಟೇ. ಟ್ಯೂಬಿನ ಯಾವ ಕೆಂಪನ್ನು ನೇರ ಬಳಿದರೂ ಅದು ಬರುವುದಿಲ್ಲ. ನೆರಳಿಗೆ ಅದೇ ಪಾರದರ್ಶಕ ಕೆಂಪಿಗೆ ಅಲ್ಟ್ರಾಮರೀ‌ನ್ ನೀಲಿ ತುಸು ಸೇರಿಸಿ. ಟ್ಯೂಬು ಕೊಳ್ಳುವಾಗ ಹಿಂಬದಿಯ ಸಣ್ಣ ಅಕ್ಷರ ಓದಿ: ಪಿಆರ್ 83 ಎಂದಿದ್ದರೆ ಅದು ಹಳೆಯ ಅಲಿಜರಿನ್, ತೆಳು ಪದರದಲ್ಲಿ ವರ್ಷಗಳ ಬೆಳಕಿಗೆ ಮಾಸುತ್ತದೆ. ಪಿವಿ 19 ಎಂದಿರುವ ಕ್ವಿನಾಕ್ರಿಡೋನ್ ಗಟ್ಟಿ.

ಹಳದಿ ಹೂವಿನ ನೆರಳಿಗೆ ಕಪ್ಪು ಸೇರಿಸಿದರೆ ಪಾಚಿಯ ಹಸಿರಾಗುತ್ತದೆ. ರಾ ಅಂಬರ್ ಅಥವಾ ಬರ್ಂಟ್ ಸಿಯೆನ್ನಾ ಹಾಕಿ. ಸುರಗಿಯಂಥ ಬಿಳಿ ಹೂವನ್ನು ಬೂದು ಬಣ್ಣದಲ್ಲಿ ಬರೆಯಿರಿ, ಶುದ್ಧ ಬಿಳಿಯನ್ನು ಇಡೀ ಚಿತ್ರದಲ್ಲಿ ಮೂರು ನಾಲ್ಕು ಕಡೆಗೆ ಮಾತ್ರ ಕೊಡಿ. ಹಳಬರು ಸೀಸದ ಬಿಳಿ ಬಳಸುತ್ತಿದ್ದರೆಂದು ಅದರ ಹಿಂದೆ ಹೋಗಬೇಡಿ. ಅದು ವಿಷ, ಮಕ್ಕಳಿರುವ ಮನೆಗೆ ಬೇಡ, ಟೈಟೇನಿಯಂ ಸಾಕು. ಬ್ರಶ್ ವಿಷಯದಲ್ಲೂ ಒಂದು ಮಾತು: ಮುಂಗುಸಿ ಕೂದಲಿನ ಬ್ರಶ್ ಇದೆ, ಬಹಳ ಚೆನ್ನಾಗಿದೆ ಎಂದು ಯಾರಾದರೂ ಕೊಡಬಂದರೆ ತೆಗೆದುಕೊಳ್ಳಬೇಡಿ. ನಮ್ಮ ದೇಶದಲ್ಲಿ ಅದು ಕಾನೂನಿಗೆ ವಿರುದ್ಧ. ಒಳ್ಳೆಯ ಸಿಂಥೆಟಿಕ್ ಬ್ರಶ್ ಈಗ ಸಿಗುತ್ತದೆ.

ನೀಲಿ ಎಲೆಯ ಸಂಶಯಕ್ಕೆ ಬರೋಣ. ಆ ನೀಲಿ ಚಿತ್ರಕಾರ ಬಯಸಿದ್ದಲ್ಲ. ಆಗ ಒಳ್ಳೆಯ ಹಸಿರು ಬಣ್ಣ ಸುಲಭವಾಗಿ ಸಿಗುತ್ತಿರಲಿಲ್ಲ. ನೀಲಿಯ ಜೊತೆಗೆ ಅಥವಾ ಅದರ ಮೇಲೆ, ಗಿಡದಿಂದ ತೆಗೆದ ಹಳದಿಯನ್ನು ಹಾಕಿ ಹಸಿರು ಮಾಡುತ್ತಿದ್ದರು. ಅರಿಶಿನ ಹಚ್ಚಿದ ಬಟ್ಟೆ ಬಿಸಿಲಿಗೆ ಹಾಕಿದರೆ ಬಿಳಚಿಕೊಳ್ಳುವುದಿಲ್ಲವೆ, ಹಾಗೆ ಆ ಹಳದಿ ಮುನ್ನೂರು ವರ್ಷದಲ್ಲಿ ಮಾಸಿಹೋಯಿತು. ನೀಲಿ ಉಳಿಯಿತು. ಫಾನ್ ಹಾಯ್ಸುಮನ ಚಿತ್ರಗಳಲ್ಲಿ ಇದು ಎದ್ದು ಕಾಣುತ್ತದೆ. ನೀವು ಅಲ್ಟ್ರಾಮರೀನಿಗೆ ಯೆಲ್ಲೊ ಓಕರ್ ಬೆರೆಸಿ ಹಸಿರು ಮಾಡಿ, ಬೆಳಕಿನಲ್ಲಿರುವ ಎಲೆಗೆ ಕ್ಯಾಡ್ಮಿಯಂ ಹಳದಿ ಒಂದು ಚೂರು. ಟ್ಯೂಬಿನ ಹಸಿರನ್ನು ಹಾಗೇ ಹಾಕಿದ್ದೀರೆಂದು ಕಾಣುತ್ತದೆ, ಪ್ಲಾಸ್ಟಿಕ್ಕಿನ ತೋರಣದ ಹಾಗಾಗುವುದು ಅದರಿಂದಲೇ. ಹೊಳಪಿನ ಎಲೆಯ ಮೇಲೆ ಕಿಟಕಿಯ ಆಕಾಶ ಪ್ರತಿಫಲಿಸಿದ ಕಡೆ ಮಾತ್ರ ತಣ್ಣಗಿನ ನೀಲಿಬೂದು ಬರಲಿ, ಅದು ನಿಜವಾದ ನೀಲಿ. ಒಂದೆರಡು ಎಲೆಗೆ ಹುಳ ತಿಂದ ತೂತೂ ಇರಲಿ. ಡೆ ಹೇಮ್ ಬಸವನಹುಳು, ಚಿಟ್ಟೆ ಇಡುತ್ತಿದ್ದ. ನಿಮ್ಮಲ್ಲಿ ಚಗಳಿ (ಮರದ ಕೆಂಪಿರುವೆ) ಇದೆ, ಒಂದೇ ಒಂದು, ಮೂರು ಬೇಡ.

ಹಿನ್ನೆಲೆ ಮಸಿಯಾದದ್ದಕ್ಕೆ ಕಾರಣ ಸರಳ. ಐವರಿ ಬ್ಲ್ಯಾಕ್ ಬಳಸಿದ್ದೀರಿ ಅನ್ನಿಸುತ್ತದೆ. ಅದು ಎಣ್ಣೆ ಜಾಸ್ತಿ ಬೇಡುತ್ತದೆ, ತಡವಾಗಿ ಒಣಗುತ್ತದೆ. ಅಡಿಯ ಪದರ ಎಲ್ಲಿ ಎಣ್ಣೆ ಕುಡಿಯಿತೋ ಅಲ್ಲಿ ಮೇಲಿನ ಬಣ್ಣ ಬೂದಿಯಾಗುತ್ತದೆ. ಅಲ್ಟ್ರಾಮರೀನ್ ಮತ್ತು ಬರ್ಂಟ್ ಅಂಬರ್ ಬೆರೆಸಿದರೆ ಕಪ್ಪಿಗಿಂತ ಆಳವಾದ ಕತ್ತಲೆ ಬರುತ್ತದೆ, ಅಂಬರ್ ಇರುವುದರಿಂದ ಬೇಗ ಒಣಗುತ್ತದೆ ಕೂಡ. ಕತ್ತಲೆಯೂ ಒಂದೇ ಸಮ ಇರಬಾರದು. ಹೂವಿಗೆ ಬೆಳಕು ಬೀಳುವ ಎಡಗಡೆ ಹಿನ್ನೆಲೆ ಹೆಚ್ಚು ಕಪ್ಪು. ಹೂವು ನೆರಳಿಗೆ ಹೋಗುವ ಬಲಗಡೆ ಹಿನ್ನೆಲೆ ತುಸು ತಿಳಿ, ಹೊಗೆ ಹಿಡಿದ ಗೋಡೆಯ ಕಂದು. ಆಗ ಎಡಕ್ಕೆ ಬೆಳಕು ಕತ್ತಲೆಯ ಎದುರು, ಬಲಕ್ಕೆ ಕತ್ತಲೆ ಬೆಳಕಿನ ಎದುರು ನಿಲ್ಲುತ್ತದೆ, ಗುಚ್ಛ ಉರುಟಾಗುತ್ತದೆ. ನೆರಳಿನ ಹೂವಿನ ಅಂಚನ್ನು ಒಣ ಬ್ರಶ್ಶಿನಿಂದ ಹಿನ್ನೆಲೆಗೆ ಸವರಿ, ಗೆರೆ ಕರಗಲಿ.

ಇಬ್ಬನಿಯ ಹನಿಯನ್ನು ಎಲ್ಲರೂ ಬಯಸುತ್ತಾರೆ, ಎಲ್ಲರೂ ತಿರುಗಾಮುರುಗಾ ಬರೆಯುತ್ತಾರೆ. ಹನಿ ಒಂದು ಗಾಜಿನ ಗುಂಡು. ಬೆಳಕು ಬರುವ ಎಡ ಮೇಲ್ಗಡೆ ಹನಿಯ ಒಳಗೆ ಕಪ್ಪು, ಬೆಳಕು ದಾಟಿ ಸೇರುವ ಬಲ ಕೆಳಗೆ ಒಳಗಿನಿಂದ ತಿಳಿ. ಆ ಕಪ್ಪಿನೊಳಗೆ ಬಿಳಿಯ ಒಂದು ಚುಕ್ಕೆ, ಹನಿಯ ಹೊರಗೆ ಬಲಕ್ಕೆ ಸಣ್ಣ ನೆರಳು. ಮೂರು ಹನಿಗೆ ನಿಲ್ಲಿಸಿ.

ಒಣಗುವ ಮಾತು ನಮ್ಮ ಜಿಲ್ಲೆಗೇ ವಿಶೇಷ. ಎಣ್ಣೆಬಣ್ಣ ನೀರಿನ ಹಾಗೆ ಆರುವುದಿಲ್ಲ; ಅಗಸೆ ಎಣ್ಣೆ ಗಾಳಿಯ ಆಮ್ಲಜನಕ ಹೀರಿಕೊಂಡು ಗಟ್ಟಿಯಾಗುತ್ತದೆ. ಬೆಳಕು, ಬೆಚ್ಚಗಿನ ಗಾಳಿ ಬೇಕು. ಆಷಾಢದ ತಂಡಿಯಲ್ಲಿ, ಮುಚ್ಚಿದ ಕೋಣೆಯಲ್ಲಿ, ಎರಡೂ ಇಲ್ಲ. ತೆಂಗಿನ ಎಣ್ಣೆಗೆ ಈ ಗುಣವೇ ಇಲ್ಲ. ನನ್ನ ಹತ್ತಿರ ಕಲಿಯುತ್ತಿದ್ದ ಹುಡುಗನೊಬ್ಬ ಅಗಸೆ ಎಣ್ಣೆ ಮುಗಿಯಿತೆಂದು ತೆಂಗಿನ ಎಣ್ಣೆ ಬೆರೆಸಿ ದೋಣಿಯ ಚಿತ್ರ ಬರೆದಿದ್ದ, ಇವತ್ತಿಗೂ ಅದು ಹಸಿ. ಹಾರ್ಡ್‌ವೇರ್ ಅಂಗಡಿಯ ಡಬಲ್ ಬಾಯಿಲ್ಡ್ ಎಣ್ಣೆ ಬಾಗಿಲಿಗೆ ಸರಿ, ಚಿತ್ರಕ್ಕೆ ಬೇಡ, ಕಂದು ಹಿಡಿಯುತ್ತದೆ. ಅಡಿಯ ಪದರದಲ್ಲಿ ಎಣ್ಣೆ ಕಡಿಮೆ, ಮೇಲೆ ಹೋದ ಹಾಗೆ ಜಾಸ್ತಿ. ಉಲ್ಟಾ ಮಾಡಿದರೆ ಮೇಲೆ ಒಣಗಿ ಒಳಗೆ ಹಸಿ ಉಳಿದು ಬಿರುಕು ಬಿಡುತ್ತದೆ. ಅರೆಒಣಗಿದ ಚಾಲಿಯನ್ನು ಮೂಟೆ ಕಟ್ಟಿದರೆ ಏನಾಗುತ್ತದೆಂದು ಅಡಕೆ ಮನೆಯವರಿಗೆ ನಾನು ಹೇಳಬೇಕಾಗಿಲ್ಲ. ಹಾಗಾಗಿ ಮಳೆಗಾಲವನ್ನು ಬಿಡಿಚಿತ್ರಕ್ಕೆ, ಅಂಬರಿನ ಪದರಕ್ಕೆ ಇಟ್ಟುಕೊಳ್ಳಿ. ಬಣ್ಣದ ಪದರ, ಗ್ಲೇಜ್ ಎಲ್ಲ ದೀಪಾವಳಿಯಿಂದ ಶಿವರಾತ್ರಿವರೆಗೆ. ವಾರ್ನಿಶ್ ಹಚ್ಚಲು ಆರು ತಿಂಗಳಿಂದ ಒಂದು ವರ್ಷ ಕಾಯಬೇಕು, ಅದೂ ಒಣ ಹವೆಯ ದಿನ. ತೇವದಲ್ಲಿ ಹಚ್ಚಿದರೆ ಮೇಲೆ ಬಿಳಿ ಮಂಜು ಕೂರುತ್ತದೆ.

ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಅಟ್ಟದ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಗಟ್ಟಿಯಾಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗಿನ ಬಿಸಿ ಹೊರಗೆ ಹೋಗಲಾರದೆ ತಾನಾಗಿ ಹೊತ್ತಿಕೊಂಡದ್ದಿದೆ. ಒಂದೊಂದೇ ಹರಡಿ ಹೊರಗೆ ಒಣಹಾಕಿ, ಅಥವಾ ನೀರಿನಲ್ಲಿ ಅದ್ದಿಡಿ.

ಕೊನೆಗೆ ನಿಮ್ಮ ಹಳೆಯ ಚಿತ್ರ. ಎಸೆಯಬೇಡಿ. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಅಂಗಳಕ್ಕೆ ತಂದು, ಹಿಂಬದಿಯ ಬೂಸ್ಟನ್ನು ಮೆತ್ತನೆ ಬ್ರಶ್ಶಿನಿಂದ ಒಣಗಿದ್ದಾಗಲೇ ಉದುರಿಸಿ. ಒದ್ದೆ ಬಟ್ಟೆ ಮುಟ್ಟಿಸಬೇಡಿ. ಗಾಳಿಯಾಡುವ ನೆರಳಿನಲ್ಲಿ ಕೆಲವು ದಿನ ಇಡಿ. ಬಿಳಿ ಎಸಳು ಹಳದಿಯಾಗಿದ್ದರೆ ಗಾಬರಿ ಬೇಡ. ನಾನೊಮ್ಮೆ ಒಂದು ಚಿತ್ರವನ್ನು ಇಡೀ ಮಳೆಗಾಲ ಕಪಾಟಿನಲ್ಲಿಟ್ಟು ದಸರೆಗೆ ತೆಗೆದರೆ ಬಿಳಿಯೆಲ್ಲ ಮಜ್ಜಿಗೆಹುಳಿಯ ಬಣ್ಣ. ಕಿಟಕಿಯ ಹತ್ತಿರ ಕೆಲವು ವಾರ ನಿಲ್ಲಿಸಿದ ಮೇಲೆ ತಿರುಗಿ ಬಿಳಿಯಾಯಿತು. ಅಗಸೆ ಎಣ್ಣೆ ಕತ್ತಲೆಯಲ್ಲಿ ಹಳದಿಯಾಗುತ್ತದೆ, ಬೆಳಕಿಗೆ ತಿಳಿಯಾಗುತ್ತದೆ. ಮುಂದೆ ಗೋಡೆಗೆ ತೂಗುಹಾಕುವಾಗ ಫ್ರೇಮಿನ ಹಿಂದೆ ನಾಲ್ಕು ಮೂಲೆಗೂ ಬೂಚಿನ ತುಂಡು ಅಂಟಿಸಿ, ತೇವದ ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿ ಇರಲಿ.

ಆಮೇಲೆ ಮಸಿಯಾದ ಹಿನ್ನೆಲೆಗೆ ಅಗಸೆ ಎಣ್ಣೆಗೆ ಅರ್ಧ ಟರ್ಪೆಂಟೈನ್ ಬೆರೆಸಿ ತೀರ ತೆಳುವಾಗಿ ಸವರಿ, ಹತ್ತು ನಿಮಿಷ ಬಿಟ್ಟು, ಹೆಚ್ಚಾದದ್ದನ್ನು ಒರೆಸಿ ತೆಗೆಯಿರಿ, ಆಳ ಮರಳುತ್ತದೆ. ಒಣಗಿದ ಮೇಲೆ ಅಲ್ಟ್ರಾಮರೀನ್ ಮತ್ತು ಬರ್ಂಟ್ ಅಂಬರಿನ ತೆಳು ಗ್ಲೇಜನ್ನು ಹಿನ್ನೆಲೆಗೆ ಮಾತ್ರವಲ್ಲ, ಹೂವಿನ ಮೇಲೂ ಎಳೆಯಿರಿ. ಎಡಗಡೆಯ ದೊಡ್ಡ ಹಳದಿ ಡೇರೆ, ಅದರ ಕೆಳಗಿನ ಕೆಂಪು, ಇವೆರಡನ್ನು ಬಿಟ್ಟು ಉಳಿದ ಎಂಟನ್ನು ಒಂದೊಂದಾಗಿ ಕತ್ತಲೆಗೆ ಇಳಿಸಿ, ಕೆಲವಕ್ಕೆ ಒಂದು ಪದರ, ಬಲಗಡೆಯವಕ್ಕೆ ಮೂರು. ಕೈ ಹೆದರುತ್ತದೆ, ಅಷ್ಟು ದಿನ ಕೂತು ಬಿಡಿಸಿದ ಎಸಳು ಮುಚ್ಚಿಹೋಗುತ್ತದಲ್ಲ ಎಂದು. ಇಳಿಸಿ.

ಹನ್ನೊಂದನೆಯದು, ಚೊಂಬಿನ ಹಿಂದಿನಿಂದ ಬಲಕ್ಕೆ ಇಣುಕುವ ಆ ನೇರಳೆ ಹೂವು. ಅದು ಬಾಡಿದ ಮೇಲೆ ನೆನಪಿನಿಂದ ಬರೆದದ್ದಿರಬೇಕು. ಎಸಳು ಪೂರ್ತಿ ಬಿಡಿಸಿಲ್ಲ, ಅರ್ಧ ಮುಖ ಕತ್ತಲೆಯಲ್ಲೇ ಇದೆ, ಕತ್ತು ಸ್ವಲ್ಪ ಸೋತಿದೆ. ಅದನ್ನು ಮಾತ್ರ ಮುಟ್ಟಬೇಡಿ.